ಲಾರ್ಡ್ ಹೌ ದ್ವೀಪದ ಸೆಮಿಸ್ಲಗ್ ಹುಡುಕಿ ಗುರುತಿಸುವುದು ಹೇಗೆ?

ಲಾರ್ಡ್ ಹೌಗೆ ಹೋದಾಗ ಅಲ್ಲಿ ಮಾತ್ರ ಇರುವ ಸೆಮಿಸ್ಲಗ್ (ಬಸವನಹುಳುವಿಗೂ ಚಿಪ್ಪಿಲ್ಲದ ಸ್ಲಗ್‌ಗೂ ನಡುವಿನಂಥ ಜೀವಿ) ನೋಡಬೇಕು, ಅದಕ್ಕೆ ತೊಂದರೆಯಾಗಬಾರದು ಎಂದಿದ್ದೀರಿ. ನೀವು ಹುಡುಕಬೇಕಾದದ್ದು ಪಾರ್ಮೆಲ್ಲಾಪ್ಸ್ ಎಥೆರಿಡ್ಜೈ ಎಂಬ ಪ್ರಭೇದ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಸುಮಾರು 600 ಕಿ.ಮೀ. ಆಚೆ ಇರುವ ಈ ದ್ವೀಪ ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ಸೆಮಿಸ್ಲಗ್‌ಗೆ ಬೆನ್ನ ಮೇಲೆ ತೆಳು ಚಿಪ್ಪಿರುತ್ತದೆ, ಆದರೆ ಮೈಯೆಲ್ಲ ಅದರೊಳಗೆ ಹಿಡಿಸುವುದಿಲ್ಲ. ಬಸವನಹುಳುವಿನಂತೆ ಒಳಸೇರಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಒಣಹವೆ ಕಳೆಯಲಾರದು. ಹಾಗಾಗಿ ಮಳೆ ನಿಂತ ರಾತ್ರಿಯೇ ಸರಿಯಾದ ಹೊತ್ತು. ಹಗಲಲ್ಲಾದರೆ ಒದ್ದೆ ತರಗೆಲೆಯಲ್ಲಿ, ಬಿದ್ದ ಮರದಡಿಯಲ್ಲಿ, ನಮ್ಮ ಅಡಿಕೆ ಹಾಳೆಯಂತೆ ಉದುರಿ ಬಿದ್ದ ಕೆಂಟಿಯಾ ತಾಳೆಯ ಗರಿಬುಡದಡಿ ನೋಡಿ. ಎತ್ತಿದ್ದನ್ನು ಇದ್ದ ಹಾಗೆಯೇ ಮುಚ್ಚಲೇಬೇಕು. ತೆರೆದಿಟ್ಟರೆ ಅಡಿಯ ತೇವ ಆರಿ ಅಲ್ಲಿರುವ ಜೀವಿಗಳು ಸಾಯಬಹುದು. ಕೈಯಲ್ಲಿ ಹಿಡಿಯಬೇಡಿ: ಬೆವರಿನ ಉಪ್ಪು, ಸೊಳ್ಳೆ ಕ್ರೀಮು ಅದರ ಚರ್ಮಕ್ಕೆ ವಿಷ, ಚಿಪ್ಪಂತೂ ಬೆರಳೊತ್ತಿದರೆ ಒಡೆಯುತ್ತದೆ. ಪರವಾನಗಿ ಇಲ್ಲದೆ ಸಂಗ್ರಹಿಸುವ ಹಾಗೂ ಇಲ್ಲ.

ಗುರುತಿಸುವಾಗ ಹೆಚ್ಚಿನವರು ಎಡವುವುದು ಚಿಪ್ಪಿನ ಗಾತ್ರದಲ್ಲಿ. ಹರಿದಾಡುವಾಗ ಮೈಹೊದಿಕೆಯ ಮಡಿಕೆಗಳು ಚಿಪ್ಪಿನ ಮೇಲೆ ಹರಡಿರುತ್ತವೆ. ಬೆದರಿದರೆ ಆ ಮಡಿಕೆಗಳು ಹಿಂದೆ ಸರಿದು ಚಿಪ್ಪು ದೊಡ್ಡದಾಗಿ ಕಾಣುತ್ತದೆ. ಒಂದೇ ಜೀವಿಯ ಎರಡು ಫೋಟೋ ಎರಡು ಪ್ರಭೇದ ಅನ್ನಿಸಿಬಿಡಬಹುದು. ಅಲುಗಾಡದೆ ಕೆಲವು ನಿಮಿಷ ಕಾದು, ಅದು ಮತ್ತೆ ಹೊರಟ ಮೇಲೆ ತೆಗೆಯಿರಿ. ಮೇಲಿನಿಂದ ಒಂದು, ಉಸಿರುರಂಧ್ರ ಇರುವ ಬಲಮಗ್ಗುಲು ಒಂದು, ಬಾಲದ ತುದಿ ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಪಾರ್ಮಾವಿಟ್ರಿನಾ ಕುಲದ ಸೆಮಿಸ್ಲಗ್‌ಗಳೂ ಅಲ್ಲೇ ಇವೆ. ಫೋಟೋದಿಂದ ಪ್ರಭೇದದ ಹೆಸರು ಖಚಿತವಾಗಿ ಹೇಳುವುದಕ್ಕಿಂತ ಕುಲದಲ್ಲೇ ನಿಲ್ಲುವುದು ಪ್ರಾಮಾಣಿಕ. ಹೋಗುವ ಮುಂಚೆ ಮಳೆಗಾಲದ ಪಶ್ಚಿಮಘಟ್ಟದಲ್ಲಿ ಅಲ್ಲಿನ ಸೆಮಿಸ್ಲಗ್ ಮರಿಯೆಲ್ಲಾ ಡುಸುಮಿಯೇರಿಯ ಮೇಲೆ ಈ ಕ್ರಮ ಅಭ್ಯಾಸ ಮಾಡಿಕೊಳ್ಳಬಹುದು.

ದ್ವೀಪದ 875 ಮೀಟರ್ ಎತ್ತರದ ಮೌಂಟ್ ಗೋವರ್ ಬೆಟ್ಟ ಹತ್ತಲು ಪರವಾನಗಿ ಪಡೆದ ಗೈಡ್ ಬೇಕೇ ಬೇಕು. ಬೂಟಿನ ತಳದ ಮಣ್ಣನ್ನು ಊರಲ್ಲೇ ಉಜ್ಜಿ ತೊಳೆದು ಒಣಗಿಸಿ. ಗಿಡಗಳಿಗೆ ಬೇರುಕೊಳೆ ತರುವ ಫೈಟಾಫ್ತೊರಾ ಎಂಬ ರೋಗಾಣು ಆ ಮಣ್ಣಲ್ಲಿ ಬರಬಹುದು.

1918ರಲ್ಲಿ ಮಕಾಂಬೊ ಹಡಗು ತಳ ತಾಗಿ ನಿಂತಾಗ ಇಲಿಗಳು ದ್ವೀಪಕ್ಕಿಳಿದು ಬಸವನಹುಳುಗಳನ್ನು ತಿಂದು ಹಾಕಿದವು. ಇಲಿ ನಿರ್ಮೂಲನೆಯ ದೊಡ್ಡ ಕಾರ್ಯಾಚರಣೆ ನಡೆದದ್ದು 2019ರಲ್ಲಿ. ಗಟ್ಟಿ ಚಿಪ್ಪಿನವು ಸತ್ತರೂ ಚಿಪ್ಪು ಉಳಿದು ಲೆಕ್ಕಕ್ಕೆ ಸಿಗುತ್ತವೆ. ಸೆಮಿಸ್ಲಗ್‌ನ ಚಿಪ್ಪು ಬೇಗ ಕರಗಿಹೋಗುತ್ತದೆ, ಹಾಗಾಗಿ ಜೀವಂತ ಕಂಡದ್ದೇ ದಾಖಲೆ. ಸ್ಥಳ, ಎತ್ತರ, ಹೊತ್ತು ಬರೆದು ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ. ಎಷ್ಟು ಹೊತ್ತು ಹುಡುಕಿ ಏನೂ ಕಾಣಲಿಲ್ಲ ಅನ್ನುವುದನ್ನೂ ಬರೆದಿಟ್ಟು ಗೈಡ್‌ಗೆ ಕೊಡಿ.