ಟೋಕಿಯೋದ ಹಳೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ಕೊಳ್ಳುವ ಅನುಭವ ಹೇಗಿರುತ್ತದೆ? ಜಪಾನಿ ಬಾರದವರು ಏನು ನೋಡಿ ಕೊಳ್ಳಬೇಕು?

ಮುಂದಿನ ತಿಂಗಳು ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಹೋಗುತ್ತಿದ್ದೀರಿ, ಚಿಕ್ಕಂದಿನಲ್ಲಿ ಟಿವಿ ಗೇಮಿನ ಹುಚ್ಚು ಹತ್ತಿಸಿಕೊಂಡಿದ್ದ ಅಣ್ಣನಿಗೆ ಅಲ್ಲಿಂದ ಏನಾದರೂ ತರಬೇಕು, ಅಷ್ಟು ದೂರದಿಂದ ತಂದದ್ದು ಮನೆಯಲ್ಲಿ ಓಡದೇ ಹೋದರೆ ಎಂಬ ಭಯವಿದೆ ಎಂದು ಬರೆದಿದ್ದೀರಿ. ಆ ಭಯ ಒಳ್ಳೆಯದೇ. ನನಗೆ ಅದು ಇರಲಿಲ್ಲ, ಹಾಗಾಗಿ ಮೊದಲ ಸಲ ದುಡ್ಡು ಕಳೆದುಕೊಂಡೆ.

ನಾನು ಮೂರು ವರ್ಷ ಕವಾಸಾಕಿಯಲ್ಲಿದ್ದೆ. ಅಲ್ಲಿಂದ ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರಾಕ್ಕೆ ರೈಲಿನಲ್ಲಿ ಅರ್ಧ ಗಂಟೆ. ಹೋದ ಹೊಸದರಲ್ಲಿ, ಮನೆ ಹತ್ತಿರದ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಸೂಪರ್ ಫಾಮಿಕಾಮ್ ಎಂಬ ನಿಂಟೆಂಡೊ ಕಂಪನಿಯ ಹಳೆ ಟಿವಿ ಗೇಮ್ ಸೆಟ್ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿದ್ದಿತ್ತು. ಬೆಲೆ ಎಷ್ಟು ಕಡಿಮೆಯೆಂದರೆ ಎರಡನೇ ಯೋಚನೆ ಮಾಡಲಿಲ್ಲ. ಮನೆಗೆ ತಂದು ವೈರು ಸಿಕ್ಕಿಸಿದರೆ ಕೆಂಪು ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮರುದಿನ ವಾಪಸ್ ತೆಗೆದುಕೊಂಡು ಹೋದೆ. ಕೌಂಟರಿನ ಹುಡುಗ ತಲೆ ಬಾಗಿಸಿ ಕ್ಷಮೆ ಕೇಳಿ, ಚೀಟಿಯ ಮೇಲಿದ್ದ ಒಂದು ಪದದ ಮೇಲೆ ಬೆರಳಿಟ್ಟ: 'ಜಂಕು'. ಹಾಗೆಂದರೆ ಕೆಟ್ಟಿರಬಹುದು, ನಾವು ಪರೀಕ್ಷೆ ಮಾಡಿಲ್ಲ, ವಾಪಸ್ ಇಲ್ಲ. ಅಂಗಡಿಯವರು ಮೋಸ ಮಾಡಿರಲಿಲ್ಲ, ಬರೆದೇ ಇಟ್ಟಿದ್ದರು. ಓದಲು ಬಾರದೆ ಕೊಂಡವನು ನಾನು.

ಅವತ್ತಿನಿಂದ ಬೆಲೆಗಿಂತ ಮೊದಲು ಚೀಟಿ ಓದುವುದನ್ನು ಕಲಿತೆ. ನೀವೂ ಅಲ್ಲಿಂದಲೇ ಶುರು ಮಾಡಿ. ಫೋನಿನ ಕ್ಯಾಮೆರಾ ಅನುವಾದ ಮಾಡಿಕೊಡುತ್ತದೆ, ಆದರೆ ಕೈಬರಹದ ಚೀಟಿಗಳಲ್ಲಿ ತಡವರಿಸುತ್ತದೆ, ಹಾಗಾಗಿ ಎರಡು ಮೂರು ಪದ ಬಾಯಲ್ಲಿರಲಿ. 'ದೋಸಾ ಕಕುನಿನ್ ಜುಮಿ' ಎಂದರೆ ಓಡಿಸಿ ನೋಡಿದ್ದೇವೆ ಎಂದು. ದೋಸಾ ಎಂದರೆ ಅವರಲ್ಲಿ ಯಂತ್ರ ನಡೆಯುವುದು. ನಮ್ಮ ದೋಸೆ ನೆನಪಿಟ್ಟುಕೊಂಡರೆ ಪದ ಮರೆಯುವುದಿಲ್ಲ. ಅದೇ 'ಮಿ ಕಕುನಿನ್' ಎಂದಿದ್ದರೆ ನೋಡಿಲ್ಲ ಎಂದರ್ಥ. 'ಹಕೊ ಸೆತ್ಸು' ಎಂದರೆ ಡಬ್ಬ ಮತ್ತು ಪುಸ್ತಕ ಎರಡೂ ಇವೆ. ಅದೇ ಆಟ ಬರೀ ಕ್ಯಾಸೆಟ್ ಆಗಿ ಪಕ್ಕದಲ್ಲೇ ಇರುತ್ತದೆ, ಬಹಳ ಕಡಿಮೆ ಬೆಲೆಗೆ. ನಿಮ್ಮ ಅಣ್ಣ ಆಡುವವರಾದರೆ ಬರೀ ಕ್ಯಾಸೆಟ್ ಸಾಕು. ಡಬ್ಬಕ್ಕೆ ದುಡ್ಡು ಸುರಿಯುವುದು ಗಾಜಿನ ಕಪಾಟಿನಲ್ಲಿ ಜೋಡಿಸಿಡುವವರ ಕೆಲಸ.

ಇನ್ನು ಅನುಭವ. ನಮ್ಮ ಎಸ್‌ಪಿ ರೋಡ್ ಸುತ್ತಿದವರಿಗೆ ಅಕಿಹಬಾರಾ ತೀರಾ ಪರಕೀಯ ಅನ್ನಿಸುವುದಿಲ್ಲ. ಯುದ್ಧ ಮುಗಿದ ಮೇಲೆ ರೇಡಿಯೋ ಬಿಡಿಭಾಗ ಮಾರುವವರು ಸೇರಿ ಬೆಳೆದ ಪೇಟೆ ಅದು. ರೈಲ್ವೆ ಹಳಿಯ ಕೆಳಗೆ ಇವತ್ತಿಗೂ ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದ ಮಳಿಗೆಗಳಿವೆ. ಹಳೆ ಗೇಮ್ ಅಂಗಡಿಗಳು ಹೆಚ್ಚಾಗಿ ಮೇಲಿನ ಮಹಡಿಗಳಲ್ಲಿ. ಸೂಪರ್ ಪೊಟೇಟೊ ಎನ್ನುವುದು ಚುವೋ ದೋರಿ ಮುಖ್ಯರಸ್ತೆಯ ಹಿಂದಿನ ಗಲ್ಲಿಯ ಕಟ್ಟಡದಲ್ಲಿ 3, 4, 5ನೇ ಮಹಡಿಯಲ್ಲಿದೆ. 5ನೆಯದರಲ್ಲಿ ನಾಣ್ಯ ಹಾಕಿ ಆಡುವ ಹಳೆ ಯಂತ್ರಗಳಿವೆ. ಮಂದರಾಕೆ ಅಂಗಡಿಗೆ ಎಂಟು ಮಹಡಿಯ ಇಡೀ ಕಟ್ಟಡವೇ ಇದೆ. ಮೊದಲು ಇವೆರಡನ್ನೂ ನೋಡಿ, ಕೊಳ್ಳದಿದ್ದರೂ ಸರಿ. ಬೆಳಿಗ್ಗೆ ಬೇಗ ಹೋಗಬೇಡಿ, ಬಾಗಿಲು ತೆಗೆಯುವುದು ಹನ್ನೊಂದರ ಹೊತ್ತಿಗೆ. ಚೌಕಾಸಿ ಮಾಡಬೇಡಿ, ಅಲ್ಲಿ ಆ ಪದ್ಧತಿ ಇಲ್ಲ, ಅವರಿಗೆ ಮುಜುಗರವಾಗುತ್ತದೆ. ದುಡ್ಡನ್ನು ಕೈಗೆ ಕೊಡದೆ ಕೌಂಟರಿನ ಮೇಲಿನ ಪುಟ್ಟ ತಟ್ಟೆಯಲ್ಲಿಡಿ. ಪಾಸ್‌ಪೋರ್ಟ್ ಜೊತೆಗಿರಲಿ, ನಾನಿದ್ದಾಗ 5,000 ಯೆನ್ ದಾಟಿದರೆ ಪ್ರವಾಸಿಗರಿಗೆ 10% ತೆರಿಗೆ ಬಿಡುವ ಅಂಗಡಿಗಳು ಬಹಳ ಇದ್ದವು, ಕೇಳಿ ನೋಡಿ.

ನಾವು ತುಮಕೂರಿನವರು. 1997ರ ಬೇಸಿಗೆ ರಜೆಯಲ್ಲಿ ಅಪ್ಪ ಬೆಂಗಳೂರಿನಿಂದ ಒಂದು ಟಿವಿ ಗೇಮ್ ಸೆಟ್ ತಂದಿದ್ದರು. ಜೊತೆಗೆ ಬಂದ ಒಂದೇ ಹಳದಿ ಕ್ಯಾಸೆಟ್ಟಿನ ಮೇಲೆ ನೂರಾರು ಆಟ ಎಂದು ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ, ಅವೇ ಮತ್ತೆ ಮತ್ತೆ ಬರುತ್ತಿದ್ದವು. ಅದರಲ್ಲಿ ನನಗೂ ತಮ್ಮನಿಗೂ ಪ್ರಾಣವಾಗಿದ್ದದ್ದು 'ಟ್ಯಾಂಕ್ ಗೇಮ್'. ಕೆಳಗೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು, ಅದನ್ನು ಇಬ್ಬರೂ ಸೇರಿ ಕಾಯಬೇಕು. ಒಂದು ಸುತ್ತಿಗೆ 20 ಶತ್ರು ಟ್ಯಾಂಕ್. ನಮ್ಮದೇ ಗೋಡೆ ಕಟ್ಟಿಕೊಂಡು ಆಡುವ ಸೌಕರ್ಯವೂ ಇತ್ತು. ಹದ್ದಿನ ಸುತ್ತ ಕಬ್ಬಿಣದ ಗೋಡೆ ಎಬ್ಬಿಸಿ ಮಧ್ಯಾಹ್ನವೆಲ್ಲ ಕೂತಿರುತ್ತಿದ್ದೆವು. ಆ ಆಟಕ್ಕೆ 'ಬ್ಯಾಟಲ್ ಸಿಟಿ' ಎಂಬ ಹೆಸರಿದೆ, 1985ರಲ್ಲಿ ನಾಮ್ಕೊ ಕಂಪನಿ ಅದನ್ನು ನಿಂಟೆಂಡೊದ ಟಿವಿ ಗೇಮ್ ಸೆಟ್ ಆದ ಫಾಮಿಕಾಮ್‌ಗೆ ಮಾಡಿತ್ತು, ಅಮೆರಿಕದ ಮನೆಗಳಿಗೆ ಆ ಕ್ಯಾಸೆಟ್ ಹೋಗಲೇ ಇಲ್ಲ ಎಂಬುದೆಲ್ಲ ನನಗೆ ಗೊತ್ತಾದದ್ದು ಅಕಿಹಬಾರಾದ ಒಂದು ಕಪಾಟಿನ ಮುಂದೆ ನಿಂತಾಗ. ನಮ್ಮ ಹಳದಿ ಕ್ಯಾಸೆಟ್ಟಿನ ಪ್ರತಿಯೊಂದು ಆಟವೂ ಅಲ್ಲಿ ತನ್ನದೇ ಚಿತ್ರ, ತನ್ನದೇ ಹೆಸರು ಹೊತ್ತು ಸಾಲಾಗಿ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು.

ಆ ಟ್ಯಾಂಕ್ ಗೇಮನ್ನು ನಾನು ಕೊಂಡದ್ದು ದೊಡ್ಡ ಅಂಗಡಿಯಲ್ಲಲ್ಲ, ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿದ್ದವರು ಅರವತ್ತು ದಾಟಿದವರು, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಇಂಗ್ಲಿಷಿನಲ್ಲಿ ತಡವರಿಸಿ, ಕೊನೆಗೆ ಬಾಯಿಗೆ ಬಂದದ್ದು 'ಕ್ಯಾಸೆಟ್' ಎಂಬ ನಮ್ಮೂರಿನ ಮಾತು. ಅವರ ಮುಖ ಅರಳಿತು. 'ಹಾಯ್, ಕಸೆತ್ತೊ!' ಎಂದರು, ಹೌದು, ಕ್ಯಾಸೆಟ್ ಎಂದು. ಅವರಲ್ಲೂ ಮಕ್ಕಳು ಅದನ್ನು ಕರೆಯುತ್ತಿದ್ದದ್ದು ಹಾಗೇ. ನಾನು ಕ್ಯಾಸೆಟ್ ಬಾಯಿಗೆ 'ಉಫ್' ಎಂದು ಊದುವಂತೆ ತೋರಿಸಿದೆ. ಅವರು ನಕ್ಕು ಕೈ ಅಡ್ಡ ಆಡಿಸಿದರು, ಊದಬಾರದು ಎಂದು. ಎಂಜಲಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಆಮೇಲೆ ಒಂದು ಪುಟ್ಟ ಬಾಟಲಿಯಿಂದ ಬಡ್ಸ್‌ಗೆ ಸ್ಪಿರಿಟ್ ತಾಗಿಸಿ, ಪಿನ್ನುಗಳ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ, ಅವಸರವಿಲ್ಲದೆ ಒರೆಸಿದರು. ಬಡ್ಸ್ ಕಪ್ಪಗಾಯಿತು. ಇನ್ನೊಂದು ತೆಗೆದರು, ಅದು ಬೂದಿ ಬಣ್ಣಕ್ಕೆ ತಿರುಗಿತು. ಮೂರನೆಯದು ಬೆಳ್ಳಗೆ ಬಂದ ಮೇಲೆ ಅದನ್ನು ನನ್ನ ಕಣ್ಣ ಮುಂದೆ ಹಿಡಿದು ತೋರಿಸಿದರು. ಆಮೇಲೆ ಕೌಂಟರಿನ ಹಿಂದಿದ್ದ ಡಬ್ಬ ಟಿವಿಗೆ ಸಿಕ್ಕಿಸಿ, ಟ್ಯಾಂಕ್ ಗೇಮಿನ ಆ ಸಂಗೀತ ಕೇಳಿಸಿದರು.

ಒಳ್ಳೆಯ ಅಂಗಡಿ ಯಾವುದೆಂದು ಗುರುತಿಸಲು ನನಗೆ ಗೊತ್ತಿರುವುದು ಇದೊಂದೇ ದಾರಿ. 'ದೋಸಾ ಕಕುನಿನ್ ಒನೆಗಾಯಿಶಿಮಾಸು' ಎನ್ನಿ, ಓಡಿಸಿ ತೋರಿಸಿ ಎಂದರ್ಥ. ತೋರಿಸಿದರೆ ಬೇರೆ ಕಡೆಗಿಂತ ನಾನ್ನೂರು ಐನೂರು ಯೆನ್ ಹೆಚ್ಚಾದರೂ ಅಲ್ಲೇ ಕೊಳ್ಳಿ. ಏಕೆಂದರೆ ಈ ವಸ್ತುಗಳಿಗೆ ಇನ್ನು ತವರುಮನೆ ಇಲ್ಲ. ನಿಂಟೆಂಡೊ 2003ರಲ್ಲಿ ಫಾಮಿಕಾಮ್ ತಯಾರಿಕೆ ನಿಲ್ಲಿಸಿತು, 2007ರ ಅಕ್ಟೋಬರ್ ಕೊನೆಗೆ ರಿಪೇರಿಯನ್ನೂ ನಿಲ್ಲಿಸಿತು. ಅಲ್ಲಿಂದ ಈಚೆಗೆ ಇವುಗಳ ಡಾಕ್ಟರು ಎಂದರೆ ಈ ಅಂಗಡಿಯವರೇ. ಇವರು ಉಳಿದದ್ದೂ ಸುಮ್ಮನೆ ಅಲ್ಲ. ಹಳೆ ಗೇಮ್ ಮರುಮಾರಾಟಕ್ಕೆ ತಮ್ಮ ಒಪ್ಪಿಗೆ ಬೇಕೆಂದು ಗೇಮ್ ಕಂಪನಿಗಳು ಕೋರ್ಟಿಗೆ ಹೋಗಿದ್ದವು. ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮಾರಾಟದ ಮೇಲೆ ಕಂಪನಿಗೆ ಹಕ್ಕಿಲ್ಲ ಎಂದು ಜಪಾನಿನ ಸುಪ್ರೀಂ ಕೋರ್ಟ್ 2002ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿತು. ಆ ತೀರ್ಪು ತಿರುಗಿಬಿದ್ದಿದ್ದರೆ ನನ್ನ ಟ್ಯಾಂಕ್ ಗೇಮ್ ಆ ಕಪಾಟಿನಲ್ಲಿ ಇರುತ್ತಿರಲಿಲ್ಲ.

ಈಗ ಏನು ತರಬೇಕು ಎಂಬ ಮಾತು. ಫಾಮಿಕಾಮ್ ಸೆಟ್ಟನ್ನೇ ತರುವ ಆಸೆ ಬೇಡ. 1983ರ ಕೆಂಪು ಬಿಳಿ ಸೆಟ್ ನೋಡಲು ಚೆಂದ, ಎರಡನೇ ರಿಮೋಟಿನಲ್ಲಿ ಪುಟ್ಟ ಮೈಕು ಕೂಡ ಇದೆ, ಆದರೆ ಅದು ಚಿತ್ರ ಕಳಿಸುವುದು ಆಂಟೆನಾ ವೈರಿನಲ್ಲಿ, ಜಪಾನಿನ ಟಿವಿಯ 1 ಅಥವಾ 2ನೇ ಚಾನೆಲ್ಲಿಗೆ. ನಮ್ಮ ಟಿವಿಯಲ್ಲಿ ಅದನ್ನು ಹಿಡಿಯುವುದು ತಲೆನೋವು. ಸಾಮಾನ್ಯ ಎವಿ ವೈರು ಹಾಕಬಹುದಾದ ಮಾದರಿ 1993ರ ಡಿಸೆಂಬರಿನಲ್ಲಿ ಬಂತು, ಅದಕ್ಕೆ ಬೆಲೆ ಹೆಚ್ಚು. ಎಲ್ಲಕ್ಕಿಂತ ಮುಖ್ಯ ಕರೆಂಟು. ಜಪಾನಿನಲ್ಲಿ 100 ವೋಲ್ಟ್, ನಮ್ಮಲ್ಲಿ 230. ಈಗಿನ ಫೋನ್ ಚಾರ್ಜರಿನಂತೆ ಆ ಕಾಲದ ಅಡಾಪ್ಟರು ಎರಡನ್ನೂ ತಡೆಯುವುದಿಲ್ಲ, ನೇರ ಗೋಡೆಗೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಊರಿಗೆ ಬಂದ ದಿನವೇ ಹೀಗೆ ಮಾಡಿಕೊಂಡರು, ಮನೆಯೆಲ್ಲ ಸುಟ್ಟ ವಾಸನೆ. ಸೆಟ್ ತಂದೇ ತರುತ್ತೀರಾದರೆ 230ನ್ನು 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಮೊದಲೇ ಕೊಂಡಿಟ್ಟಿರಿ.

ಕರೆಂಟು, ಟಿವಿ ಎರಡರ ಗೊಡವೆಯೂ ಬೇಡವೆಂದರೆ ಗೇಮ್ ಬಾಯ್ ತನ್ನಿ, ಅದು ನಿಂಟೆಂಡೊದ್ದೇ, ಕೈಯಲ್ಲಿ ಹಿಡಿದು ಆಡುವ, ಪರದೆ ಮೈಮೇಲೇ ಇರುವ ಪುಟ್ಟ ಸೆಟ್. 1989ರ ಮೊದಲ ಮಾದರಿ ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತದೆ, ಯಾವ ದೇಶದ ಕ್ಯಾಸೆಟ್ ಆದರೂ ನಡೆಯುತ್ತದೆ. ಕೊಳ್ಳುವಾಗ ಎರಡು ಕಡೆ ಕಣ್ಣಿಡಿ. ಸೆಲ್ ಹಾಕುವ ಮುಚ್ಚಳ ತೆಗೆದು ಒಳಗಿನ ತಗಡಿಗೆ ಹಸಿರು ಅಥವಾ ಬಿಳಿ ಪುಡಿ ಹಿಡಿದಿದೆಯೇ ನೋಡಿ. ಆಮೇಲೆ ಆನ್ ಮಾಡಿಸಿ, ಪರದೆಯಲ್ಲಿ ಮೇಲಿಂದ ಕೆಳಗೆ ಗೆರೆಗಳು ಮಾಯವಾಗಿವೆಯೇ ನೋಡಿ. ಆಟ ಟೆಟ್ರಿಸ್ ಇರಲಿ, ಭಾಷೆಯೇ ಬೇಡ. ಪೋಕೆಮಾನ್ ತರುವುದಾದರೆ ಎಚ್ಚರ: ಕ್ಯಾಸೆಟ್ಟಿನೊಳಗೆ ಒಂದು ಬಟನ್ ಸೆಲ್ ಇರುತ್ತದೆ, ಆಡಿದ್ದನ್ನು ನೆನಪಿಡುವುದು ಅದೇ. 1999ರ ಗೋಲ್ಡ್, ಸಿಲ್ವರ್‌ನಲ್ಲಿ ಗಡಿಯಾರವೂ ಅದರ ಮೇಲೇ ಓಡುವುದರಿಂದ ಇನ್ನೂ ಬೇಗ ಖಾಲಿಯಾಗುತ್ತದೆ. 'ದೆನ್ಚಿ' ಎಂದರೆ ಸೆಲ್. ಅದನ್ನು ಬದಲಾಯಿಸಿದ್ದೀರಾ ಎಂದು ಕೇಳಿ. ಬಹುಪಾಲು ಅಂಗಡಿಗಳು ಅದಕ್ಕೆ ಗ್ಯಾರಂಟಿ ಕೊಡುವುದಿಲ್ಲ.

ಆದರೆ ನಿಮ್ಮ ಅಣ್ಣನ ಹಳೆ ಸೆಟ್ ಇನ್ನೂ ಅಟ್ಟದ ಮೇಲೆ ಇದ್ದರೆ, ಇವೆಲ್ಲಕ್ಕಿಂತ ಒಳ್ಳೆಯ ಉಡುಗೊರೆ ಒಂದಿದೆ. ಆ ಕಾಲದಲ್ಲಿ ನಮ್ಮಲ್ಲಿ ಮಾರಿದ ಟಿವಿ ಗೇಮ್ ಸೆಟ್ಟುಗಳಲ್ಲಿ ಹೆಚ್ಚಿನವು ಫಾಮಿಕಾಮ್‌ನ ನಕಲುಗಳು, ಕ್ಯಾಸೆಟ್ ಬಾಯಿಯೂ ಅದರದ್ದೇ ಅಳತೆ. ಹೊರಡುವ ಮುಂಚೆ ಅಣ್ಣನ ಹಳೆ ಕ್ಯಾಸೆಟ್ ಒಂದನ್ನು ತೆಗೆದು ಕೆಳಗಿನ ಹೊಳೆಯುವ ಪಿನ್ನುಗಳನ್ನು ಎಣಿಸಿ. ಒಂದು ಬದಿಗೆ 30, ಒಟ್ಟು 60 ಇದ್ದರೆ, ಅಕಿಹಬಾರಾದ ಫಾಮಿಕಾಮ್ ಕ್ಯಾಸೆಟ್ ಹೆಚ್ಚುಕಡಿಮೆ ಖಂಡಿತ ಅದರಲ್ಲಿ ಕೂರುತ್ತದೆ. ಅಣ್ಣನಿಗೆ ಯಾವ ಆಟ ಇಷ್ಟವಿತ್ತೆಂದು ಅಮ್ಮನನ್ನೋ ಅತ್ತಿಗೆಯನ್ನೋ ಮೆಲ್ಲಗೆ ಕೇಳಿ ತಿಳಿದುಕೊಳ್ಳಿ.

ನನ್ನ ಬ್ಯಾಟಲ್ ಸಿಟಿ ಅಗ್ಗಕ್ಕೆ ಸಿಕ್ಕಿದ್ದು ಅದರ ಬೆನ್ನಿನ ಮೇಲಿನ ಬರಹದ ದೆಸೆಯಿಂದ. ಯಾವುದೋ ಮಗು ಕಪ್ಪು ಮಾರ್ಕರಿನಲ್ಲಿ, ಸೊಟ್ಟ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಂಡಿತ್ತು, ಗೆಳೆಯರ ಕ್ಯಾಸೆಟ್ಟುಗಳ ಜೊತೆ ಬೆರೆತುಹೋಗಬಾರದೆಂದು. ಅಂಥ ಗುರುತಿರುವ ಕ್ಯಾಸೆಟ್ಟುಗಳಿಗೆ ಅಂಗಡಿಯವರು ಬೆಲೆ ಇಳಿಸುತ್ತಾರೆ. ಆ ಹಿರಿಯರು ಸ್ಪಿರಿಟ್ ಬಾಟಲಿ ಎತ್ತಿ, ಇದನ್ನೂ ಒರೆಸಿಕೊಡಲೇ ಎಂದು ಸನ್ನೆಯಲ್ಲಿ ಕೇಳಿದರು. ಬೇಡವೆಂದೆ. ತುಮಕೂರಿಗೆ ಬಂದ ರಾತ್ರಿ ತಮ್ಮ ಅಟ್ಟ ಹತ್ತಿ ಸೆಟ್ ಇಳಿಸಿದ. ಕ್ಯಾಸೆಟ್ ತಿರುಗಿಸಿ ನೋಡಿ, 'ಇದು ಏನೋ ಬರ್ದಿದೆ?' ಎಂದ. ಹೆಸರು ಓದಿ ಹೇಳಿದೆ. ಅವನು ಅಭ್ಯಾಸಬಲದಿಂದ ಕ್ಯಾಸೆಟ್ಟನ್ನು ಬಾಯಿಯ ಹತ್ತಿರ ತಂದ, ನಾನು ಕೈ ಹಿಡಿದು ತಡೆದೆ.