ದಿವಾಳಿ ಕೋರ್ಟಿಗೆ ಹೋದ ಏರ್‌ಲೈನ್, ಸಂಬಳ ಕಡಿತದ ಓಟು: ನಿಮ್ಮ ತಮ್ಮ ಏನು ನೋಡಬೇಕು?

ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿ ಪೈಲಟ್ ಆಗಿರುವ ನಿಮ್ಮ ತಮ್ಮನ ಕಂಪನಿ ಚಾಪ್ಟರ್ 11 ದಿವಾಳಿ ಅರ್ಜಿ ಹಾಕಿದೆ (ಅಂದರೆ ಕಂಪನಿ ಮುಚ್ಚದೆ, ಕೋರ್ಟಿನ ರಕ್ಷಣೆಯಲ್ಲಿ ಸಾಲ, ಖರ್ಚು ಸರಿಮಾಡಿಕೊಳ್ಳುವ ದಾರಿ). ಸಂಬಳ ಕಡಿತದ ಒಪ್ಪಂದಕ್ಕೆ ಪೈಲಟ್‌ಗಳು ಓಟು ಹಾಕಬೇಕಿದೆ. ಅವರು ಸೇರಿ ಆರು ವರ್ಷ ಆಗಿದೆ. ಒಪ್ಪಬೇಕಾ? ಅಥವಾ ಕೈಯಲ್ಲಿ ಲೈಸೆನ್ಸ್ ಇದೆಯಲ್ಲ, ಬೇರೆ ಕಂಪನಿಗೆ ಹೋಗಬಾರದಾ?

ನಾನು ಅಲ್ಲಿಯದೇ ಒಂದು ದೊಡ್ಡ ಏರ್‌ಲೈನ್‌ನಲ್ಲಿ ವಿಮಾನ ಹಾರಿಸಿ ನಿವೃತ್ತನಾದವನು. 2000ರ ದಶಕದಲ್ಲಿ ನಮ್ಮ ಕಂಪನಿಯೂ ಇದೇ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಅದರ ಹೆಸರು ಇಲ್ಲಿ ಬೇಡ. ಇಂಥ ಓಟು ನಾನೂ ಹಾಕಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎರಡನೇ ಪ್ರಶ್ನೆ. ಪೈಲಟ್ ಯಾಕೆ ಸುಮ್ನೆ ಎದ್ದು ಹೋಗುವುದಿಲ್ಲ? ಅಲ್ಲಿ ಪೈಲಟ್‌ನ ಬದುಕೆಲ್ಲ ಸೀನಿಯಾರಿಟಿ ನಂಬರಿನ ಮೇಲೆ ನಿಂತಿದೆ. ಯಾವ ವಿಮಾನ, ಯಾವ ಊರಿನ ಬೇಸ್, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಫಸ್ಟ್ ಆಫೀಸರ್ (ಸಹ ಪೈಲಟ್) ಸೀಟೋ, ಕ್ರಿಸ್‌ಮಸ್ ದಿನ ಮನೆಯಲ್ಲಿರುತ್ತೀರೋ ಹೋಟೆಲಿನಲ್ಲೋ, ಎಲ್ಲವನ್ನೂ ಆ ನಂಬರೇ ತೀರ್ಮಾನಿಸುತ್ತದೆ. ಆ ನಂಬರು ಕಂಪನಿಯ ಗೇಟು ದಾಟುವುದಿಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರು ಎದುರಿನ ಕಂಪನಿಗೆ ಸೇರಿದರೂ ಪಟ್ಟಿಯ ಕಟ್ಟಕಡೆಗೆ ನಿಲ್ಲಬೇಕು. ಮೊದಲ ವರ್ಷದ ಫಸ್ಟ್ ಆಫೀಸರ್ ಸಂಬಳ, ಇದ್ದಬದ್ದ ಕೆಟ್ಟ ಡ್ಯೂಟಿ. ಆ ಕಂಪನಿಯೂ ಜನ ಕಡಿಮೆ ಮಾಡಿದರೆ ಮೊದಲು ಹೊರಗೆ ಹೋಗುವವರೂ ಅವರೇ. ಶೇಕಡಾ 30ರಷ್ಟು ಕಡಿತ ಮಾಡಿದರೂ ಹಿರಿಯ ಕ್ಯಾಪ್ಟನ್‌ಗೆ ಇಲ್ಲೇ ಇರುವುದು ಲಾಭ. ಇದು ಕಂಪನಿಯವರಿಗೂ ಚೆನ್ನಾಗಿ ಗೊತ್ತು. ಚೌಕಾಸಿ ಶುರುವಾಗುವ ಮೊದಲೇ ಪೈಲಟ್‌ಗಳ ಒಂದು ಕೈ ಕಟ್ಟಿ ಹಾಕಿದ ಹಾಗೆ.

ಇನ್ನೊಂದು ಕೈಯನ್ನು ಕಾನೂನು ಕಟ್ಟುತ್ತದೆ. 1983ರ ಸೆಪ್ಟೆಂಬರಿನಲ್ಲಿ ಫ್ರಾಂಕ್ ಲೊರೆಂಜೊ ಕೈಯಲ್ಲಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿ ಯೂನಿಯನ್ ಕಾಂಟ್ರಾಕ್ಟ್‌ಗಳನ್ನು ಹರಿದೇ ಹಾಕಿತು. ಮೂರು ದಿನದಲ್ಲಿ ಸುಮಾರು ಅರ್ಧ ಸಂಬಳಕ್ಕೆ ಮತ್ತೆ ಹಾರಾಟ ಶುರು ಮಾಡಿತು. ಪೈಲಟ್‌ಗಳ ಮುಷ್ಕರ 1985ರವರೆಗೆ ನಡೆಯಿತು, ಏನೂ ಗಿಟ್ಟಲಿಲ್ಲ. ಇಷ್ಟು ಸಲೀಸಾಗಿ ಯಾರೂ ಕಾಂಟ್ರಾಕ್ಟ್ ಮುರಿಯಬಾರದು ಅಂತ ಅಮೆರಿಕದ ಸಂಸತ್ತು 1984ರಲ್ಲಿ ದಿವಾಳಿ ಕಾನೂನಿಗೆ ಸೆಕ್ಷನ್ 1113 ಸೇರಿಸಿತು. ಅದರ ಪ್ರಕಾರ ಕಂಪನಿ ಮೊದಲು ತನ್ನ ಲೆಕ್ಕಪತ್ರ ತೋರಿಸಬೇಕು, ಉಳಿಯಲು ನಿಜಕ್ಕೂ ಬೇಕಾದಷ್ಟನ್ನೇ ಕೇಳಬೇಕು, ಯೂನಿಯನ್ ಜೊತೆ ಪ್ರಾಮಾಣಿಕವಾಗಿ ಕೂತು ಮಾತಾಡಬೇಕು. ಯೂನಿಯನ್ ಸರಿಯಾದ ಕಾರಣವಿಲ್ಲದೆ ಒಪ್ಪಲಿಲ್ಲ ಅಂತ ಅನಿಸಿದರೆ ಮಾತ್ರ ಜಡ್ಜ್ ಕಾಂಟ್ರಾಕ್ಟ್ ರದ್ದು ಮಾಡಬಹುದು.

ಕಾಗದದ ಮೇಲೆ ಇದು ರಕ್ಷಣೆ. ನಡೆದದ್ದು ಬೇರೆ. ಕೋರ್ಟಿಗೆ ಹೋದರೆ ಈಗ ಕೇಳಿದ್ದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ ಎಂಬ ಕತ್ತಿ ಪ್ರತಿ ಮಾತುಕತೆಯಲ್ಲೂ ತಲೆ ಮೇಲೆ ತೂಗುತ್ತಿರುತ್ತದೆ. ಮುಷ್ಕರದ ದಾರಿಯೂ ಕಷ್ಟ. 2006ರಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಕ್ಯಾಬಿನ್ ಸಿಬ್ಬಂದಿ ತಮ್ಮ ಕಾಂಟ್ರಾಕ್ಟ್ ರದ್ದಾದ ಮೇಲೆ ಮುಷ್ಕರಕ್ಕೆ ಹೊರಟರು. ಕೋರ್ಟ್ ತಡೆ ಹಾಕಿತು, ಮರುವರ್ಷ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಹಾಗಾಗಿ "ಒಪ್ಪಬೇಕಾ ಬೇಡವಾ" ಅನ್ನುವುದಕ್ಕಿಂತ, ಒಪ್ಪಂದದಲ್ಲಿ ಏನೇನು ಹೋಗುತ್ತಿದೆ, ಅದರಲ್ಲಿ ಯಾವುದು ಮುಂದೆ ವಾಪಸ್ ಬರುತ್ತದೆ, ಯಾವುದು ಬರುವುದೇ ಇಲ್ಲ ಅಂತ ನೋಡಬೇಕು. ನಮ್ಮ ಕಾಲದಲ್ಲಿ ಎಲ್ಲರ ಕಣ್ಣೂ ಶೇಕಡಾವಾರಿನ ಮೇಲೇ ಇತ್ತು. ಏರ್‌ಪೋರ್ಟ್ ಪಕ್ಕದ ಹೋಟೆಲಿನ ಹಾಲಿನಲ್ಲಿ ಯೂನಿಯನ್ ಸಭೆ ನಡೆಯುತ್ತಿತ್ತು. ಪರದೆ ಮೇಲೆ ಸಂಬಳದ ಪಟ್ಟಿ ಬಂದಾಗ ಹಾಲೆಲ್ಲ ಗಲಾಟೆ. ಅದಾದ ಮೇಲೆ ವಕೀಲರು ಪೆನ್ಷನ್ ಪುಟಕ್ಕೆ ಬಂದರು, ಆಮೇಲೆ ಸ್ಕೋಪ್ ಪುಟಕ್ಕೆ, ಅಂದರೆ ಎಷ್ಟು ಹಾರಾಟವನ್ನು ಹೊರಗಿನ ಕಂಪನಿಗೆ ಕೊಡಬಹುದು ಎಂಬ ಮಿತಿಗೆ. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ನಿಜವಾದ ಏಟು ಇದ್ದದ್ದು ಆ ಪುಟಗಳಲ್ಲೇ.

ಸಂಬಳದ ಕಡಿತ ಸಣ್ಣದು ಅಂತ ಹೇಳುತ್ತಿಲ್ಲ. 2002ರ ಡಿಸೆಂಬರಿನಲ್ಲಿ ಯುನೈಟೆಡ್ ಅರ್ಜಿ ಹಾಕಿದ ಮೇಲೆ ಅದರ ಪೈಲಟ್‌ಗಳು ಸುಮಾರು ಶೇಕಡಾ 30 ಬಿಟ್ಟುಕೊಟ್ಟರು, 2005ರಲ್ಲಿ ಮತ್ತೆ ಸುಮಾರು ಶೇಕಡಾ 12. ಡೆಲ್ಟಾ ಪೈಲಟ್‌ಗಳು ದಿವಾಳಿ ತಪ್ಪಿಸೋಣ ಅಂತ 2004ರಲ್ಲೇ ಶೇಕಡಾ 32.5 ಕಡಿತಕ್ಕೆ ಒಪ್ಪಿದರು. ಆದರೂ 2005ರ ಸೆಪ್ಟೆಂಬರಿನಲ್ಲಿ ಕಂಪನಿ ಕೋರ್ಟಿಗೆ ಹೋಯಿತು, ಮತ್ತೆ ಶೇಕಡಾ 14 ಹೋಯಿತು. ಜೊತೆಗೆ ವಿಮಾನಗಳನ್ನು ನಿಲ್ಲಿಸಿದಾಗ ಕ್ಯಾಪ್ಟನ್‌ಗಳು ಮತ್ತೆ ಫಸ್ಟ್ ಆಫೀಸರ್ ಆಗುತ್ತಾರೆ. ಅಲ್ಲಿಗೆ ಕಡಿತದ ಮೇಲೆ ಇನ್ನೊಂದು ಕಡಿತ. ನನ್ನ ಜೊತೆ ಹಾರಿಸುತ್ತಿದ್ದ ಒಬ್ಬರು ಕೋಟಿನ ತೋಳಿನಿಂದ ಕ್ಯಾಪ್ಟನ್ ಗುರುತಾದ ನಾಲ್ಕನೇ ಪಟ್ಟಿಯನ್ನು ದರ್ಜಿ ಹತ್ತಿರ ಬಿಚ್ಚಿಸಿಕೊಂಡು ಬಂದಿದ್ದರು. ದಾರ ಕಿತ್ತ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿತ್ತು. ಹೊಸ ಕೋಟು ತಗೊಳ್ಳಿ ಅಂದರೆ, "ಆ ಖರ್ಚೂ ಈಗ ಬೇಡ" ಅಂದರು. ಆದರೆ ಅವರು ಕೆಲವು ವರ್ಷಗಳಲ್ಲಿ ಮತ್ತೆ ಕ್ಯಾಪ್ಟನ್ ಆದರು. ನಿಧಾನಕ್ಕೆ ಸಂಬಳವೂ ಏರಿತು. 2023ರಲ್ಲಿ ಡೆಲ್ಟಾ ಪೈಲಟ್‌ಗಳು ನಾಲ್ಕು ವರ್ಷಕ್ಕೆ ಒಟ್ಟು ಶೇಕಡಾ 34ರಷ್ಟು ಏರಿಕೆಯ ಕಾಂಟ್ರಾಕ್ಟ್ ಪಡೆದರು, ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು.

ಪೆನ್ಷನ್ ಮಾತ್ರ ಹೋಗಿದ್ದು ಹೋಗಿಯೇ ಬಿಟ್ಟಿತು. ಯುಎಸ್ ಏರ್‌ವೇಸ್ ಪೈಲಟ್‌ಗಳದ್ದು 2003ರಲ್ಲಿ, ಯುನೈಟೆಡ್ ನೌಕರರದ್ದು 2005ರಲ್ಲಿ, ಡೆಲ್ಟಾ ಪೈಲಟ್‌ಗಳದ್ದು 2006ರಲ್ಲಿ ರದ್ದಾಯಿತು. ಇಂಥ ಪ್ಲಾನ್‌ಗಳನ್ನು ಪಿಬಿಜಿಸಿ ಎಂಬ ಸರ್ಕಾರಿ ವಿಮಾ ಸಂಸ್ಥೆ ವಹಿಸಿಕೊಳ್ಳುತ್ತದೆ. ಆದರೆ ಅದು ಕೊಡುವುದಕ್ಕೆ ಒಂದು ಮಿತಿ ಇದೆ. 2005ರ ಲೆಕ್ಕದಲ್ಲಿ 65 ವರ್ಷಕ್ಕೆ ನಿವೃತ್ತರಾದವರಿಗೆ ವರ್ಷಕ್ಕೆ ಸುಮಾರು 45,600 ಡಾಲರ್. 60ಕ್ಕೇ ನಿವೃತ್ತರಾದರೆ ಸುಮಾರು 29,600 ಮಾತ್ರ. ಈಗ ನೋಡಿ ಅನ್ಯಾಯ: ಪೈಲಟ್‌ಗಳು 60ಕ್ಕೆ ಸೀಟು ಬಿಡಲೇಬೇಕು ಅಂತ ಆಗ ಸರ್ಕಾರದ್ದೇ ನಿಯಮ ಇತ್ತು. ಅದು 65ಕ್ಕೆ ಏರಿದ್ದು 2007ರ ಡಿಸೆಂಬರಿನಲ್ಲಿ. ಒಂದು ಸರ್ಕಾರಿ ಕಚೇರಿ 60ಕ್ಕೆ ಮನೆಗೆ ಹೋಗಿ ಅಂದಿತು, ಇನ್ನೊಂದು ಬೇಗ ನಿವೃತ್ತರಾದಿರಿ ಅಂತ ದುಡ್ಡು ಕಡಿಮೆ ಮಾಡಿತು. ವರ್ಷಕ್ಕೆ ಲಕ್ಷ ಡಾಲರ್ ಪೆನ್ಷನ್ ನಂಬಿ ಮನೆ ಸಾಲ, ಮಕ್ಕಳ ಕಾಲೇಜು ಅಂತ ಲೆಕ್ಕ ಹಾಕಿದ್ದವರ ಗತಿ ಏನಾಗಿರಬೇಕು? ಡೆಲ್ಟಾದಲ್ಲಿ ಪೆನ್ಷನ್‌ನ ಅರ್ಧವನ್ನು ಒಂದೇ ಗಂಟಿನಲ್ಲಿ ತೆಗೆದುಕೊಳ್ಳುವ ಅವಕಾಶ ಇತ್ತು. ದಿವಾಳಿಗೆ ಮುಂಚೆಯೇ ನೂರಾರು ಹಿರಿಯರು ಬೇಗ ನಿವೃತ್ತರಾಗಿ ಅದನ್ನು ಹಿಡಿದುಕೊಂಡು ಹೊರಟರು. ಅವರನ್ನು ಬೈದವರಿದ್ದಾರೆ. ನನಗಂತೂ ಅವರ ಮೇಲೆ ಸಿಟ್ಟಿಲ್ಲ.

ಹಡ್ಸನ್ ನದಿ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಗೊತ್ತಲ್ವಾ? 2009ರ ಫೆಬ್ರವರಿಯಲ್ಲಿ ಸಂಸತ್ತಿನ ಸಮಿತಿಯ ಮುಂದೆ ಅವರು ಹೇಳಿದ್ದು ಇದನ್ನೇ. ತಮ್ಮ ಸಂಬಳ ಶೇಕಡಾ 40 ಕಡಿತವಾಗಿದೆ, ಪೆನ್ಷನ್ ರದ್ದಾಗಿ ಅದರ ಬದಲಿಗೆ ಬಂದ ಗ್ಯಾರಂಟಿಗೆ ಬೆಲೆಯೇ ಇಲ್ಲದಂತಾಗಿದೆ ಅಂದರು. ದೇಶವೆಲ್ಲ ಅವರನ್ನು ಹೊಗಳುತ್ತಿದ್ದ ದಿನಗಳಲ್ಲೇ ಆ ಮಾತು ಆಡಿದರು. ಅದಕ್ಕೆ ಅವರ ಮೇಲೆ ನನಗೆ ಇನ್ನೂ ಜಾಸ್ತಿ ಗೌರವ.

ಈ ವಿಷಯದಲ್ಲಿ ನಿಮ್ಮ ತಮ್ಮ ನಮಗಿಂತ ಸುರಕ್ಷಿತ. ಈಗಿನವರಿಗೆ ಹೆಚ್ಚಾಗಿ 401ಕೆ ಖಾತೆ, ಅಂದರೆ ಅವರವರ ಹೆಸರಿನಲ್ಲೇ ಇರುವ ನಿವೃತ್ತಿ ಉಳಿತಾಯ ಖಾತೆ ಇರುತ್ತದೆ. ಅದರಲ್ಲಿ ಅವರದೇ ಆಗಿರುವ ದುಡ್ಡನ್ನು ಕಂಪನಿಗೆ ಸಾಲ ಕೊಟ್ಟವರು ಮುಟ್ಟುವ ಹಾಗಿಲ್ಲ. ಕಂಪನಿ ಮುಂದೆ ಹಾಕುವ ಪಾಲನ್ನು ಕಡಿಮೆ ಮಾಡಬಹುದು ಅಷ್ಟೇ. ಎಷ್ಟು ಕಡಿಮೆ, ಎಲ್ಲಿವರೆಗೆ ಅಂತ ನೋಡಲಿ.

ಇನ್ನು ಸ್ಕೋಪ್. ಕಂಪನಿ ಹೆಸರಿನಲ್ಲಿ ಹಾರುವ ವಿಮಾನಗಳಲ್ಲಿ ಯಾವುದನ್ನು ಹೊರಗಿನ ಸಣ್ಣ ರೀಜನಲ್ ಕಂಪನಿಗೆ ಕೊಡಬಹುದು ಅಂತ ಕಾಂಟ್ರಾಕ್ಟ್‌ನಲ್ಲಿ ಇರುವ ಮಿತಿ ಅದು. ಮೊದಲು ಹೆಚ್ಚಾಗಿ 50 ಸೀಟಿನ ಜೆಟ್‌ಗಳು ಹೊರಗೆ ಹೋಗುತ್ತಿದ್ದವು. ದಿವಾಳಿಗಳ ಕಾಲದಲ್ಲಿ ಅದು 70 ಆಯಿತು, 76 ಆಯಿತು. ಅಮೆರಿಕನ್, ಡೆಲ್ಟಾ, ಯುನೈಟೆಡ್ ಈ ಮೂರೂ ದೊಡ್ಡ ಕಂಪನಿಗಳಲ್ಲಿ ಇವತ್ತಿಗೂ 76ರಲ್ಲೇ ನಿಂತಿದೆ. ಆ ವಿಮಾನಗಳ ಜೊತೆ ಹೋದ ಕ್ಯಾಪ್ಟನ್ ಸೀಟುಗಳು ತಿರುಗಿ ಬರಲಿಲ್ಲ. ಕಿರಿಯ ಪೈಲಟ್‌ಗೆ ಸಂಬಳ ಕಡಿತಕ್ಕಿಂತ ಇದೇ ದೊಡ್ಡ ನಷ್ಟ. ಮುಂದೆ ಏರಬೇಕಾದ ಮೆಟ್ಟಿಲನ್ನೇ ತೆಗೆದ ಹಾಗೆ.

ಕೊಟ್ಟದ್ದಕ್ಕೆ ಬದಲಾಗಿ ಏನು ಬರುತ್ತಿದೆ ಅಂತಲೂ ಕೇಳಬೇಕು. 2006ರಲ್ಲಿ ಡೆಲ್ಟಾ ಪೈಲಟ್‌ಗಳು ಕಂಪನಿಯ ಮೇಲೆ 210 ಕೋಟಿ ಡಾಲರ್‌ನ ಕ್ಲೇಮನ್ನೂ (ದಿವಾಳಿ ಕೋರ್ಟಿನಲ್ಲಿ ಬಾಕಿದಾರರ ಹಕ್ಕು), ಪೆನ್ಷನ್ ಬದಲಿಗೆ 65 ಕೋಟಿ ಡಾಲರ್‌ನ ಸಾಲಪತ್ರವನ್ನೂ ಬರೆಸಿಕೊಂಡರು. ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳಿಗೆ ದಿವಾಳಿಯಿಂದ ಹೊರಬಂದ ಹೊಸ ಕಂಪನಿಯಲ್ಲಿ ಶೇಕಡಾ 13.5 ಷೇರು ಸಿಕ್ಕಿತು. ಮೇಲಿನವರ ಬೋನಸ್ ಪುಟವನ್ನೂ ಓದಲಿ. 2003ರಲ್ಲಿ ಅದೇ ಅಮೆರಿಕನ್‌ನಲ್ಲಿ ನೌಕರರು ಕಡಿತಕ್ಕೆ ಓಟು ಹಾಕಿದ ಮೇಲೆ ಅಧಿಕಾರಿಗಳ ಬೋನಸ್, ಪೆನ್ಷನ್ ರಕ್ಷಣೆಯ ಸುದ್ದಿ ಹೊರಬಂತು. ಸಿಇಒ ಡಾನ್ ಕಾರ್ಟಿ ರಾಜೀನಾಮೆ ಕೊಡಬೇಕಾಯಿತು.

"ಬೇಡ" ಅಂತ ಓಟು ಹಾಕಿದರೆ ಎಲ್ಲ ಮುಗಿದೇ ಹೋಗುತ್ತದೆ ಅಂತಲೂ ಇಲ್ಲ. 2012ರ ಆಗಸ್ಟಿನಲ್ಲಿ, ದಿವಾಳಿ ಕೋರ್ಟಿನಲ್ಲಿದ್ದ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳಲ್ಲಿ ಶೇಕಡಾ 61 ಜನ ಒಪ್ಪಂದವನ್ನು ತಳ್ಳಿಹಾಕಿದರು. ಕಾಂಟ್ರಾಕ್ಟ್ ರದ್ದು ಮಾಡಿ ಎಂಬ ಕಂಪನಿಯ ಮೊದಲ ಅರ್ಜಿಯನ್ನು ಜಡ್ಜ್ ಕೂಡ ಒಪ್ಪಲಿಲ್ಲ. ಅಗತ್ಯಕ್ಕಿಂತ ಜಾಸ್ತಿ ಕೇಳಿದ್ದೀರಿ ಎಂಬ ಅರ್ಥದಲ್ಲಿ ಎರಡು ಅಂಶ ಎತ್ತಿ ತೋರಿಸಿದರು. ಆದರೆ ಕಂಪನಿ ಅವನ್ನು ತಿದ್ದಿಕೊಂಡು ಬಂದಾಗ, ಸೆಪ್ಟೆಂಬರಿನಲ್ಲಿ ಕಾಂಟ್ರಾಕ್ಟ್ ರದ್ದಾಯಿತು. ಡಿಸೆಂಬರಿನಲ್ಲಿ ಹೊಸ ಒಪ್ಪಂದ ಪಾಸಾಗುವವರೆಗೆ ಕಂಪನಿಗೆ ತನ್ನ ಷರತ್ತುಗಳನ್ನೇ ಹೇರುವ ಹಕ್ಕಿತ್ತು. ಆ ತಿಂಗಳುಗಳನ್ನು ತಡೆದುಕೊಳ್ಳುವ ಶಕ್ತಿ ಯೂನಿಯನ್‌ಗೆ ಇದ್ದರೆ ಮಾತ್ರ ಬೇಡ ಅನ್ನಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆರು ವರ್ಷದ ಸೀನಿಯಾರಿಟಿ ಕಳೆದುಕೊಳ್ಳುವುದು ನೋವೇ, ಆದರೆ ಕಟ್ಟಿಹಾಕುವಷ್ಟು ದೊಡ್ಡದಲ್ಲ. ದೊಡ್ಡ, ಗಟ್ಟಿ ಕಂಪನಿಯಲ್ಲಿ ಕರೆದರೆ ಹೋಗಲಿ. ಅರ್ಜಿಯನ್ನು ಇವತ್ತೇ ಹಾಕಲಿ, ಓಟಿನ ಫಲಿತಾಂಶಕ್ಕೆ ಕಾಯುವುದು ಬೇಡ. ಸ್ಪಿರಿಟ್ ಏರ್‌ಲೈನ್ಸ್ 2025ರ ಮಾರ್ಚಿನಲ್ಲಿ ದಿವಾಳಿಯಿಂದ ಹೊರಬಂದು ಆಗಸ್ಟಿನಲ್ಲಿ ಮತ್ತೆ ಅರ್ಜಿ ಹಾಕಿತು. ಯುಎಸ್ ಏರ್‌ವೇಸ್ ಕೂಡ ಹೀಗೇ ಎರಡು ಸಲ ಹೋಗಿತ್ತು. ಒಂದು ಸಲ ಕಡಿತಕ್ಕೆ ಒಪ್ಪಿದರೆ ಕಂಪನಿ ಉಳಿದೇ ಉಳಿಯುತ್ತದೆ ಅಂತ ಯಾರೂ ಭರವಸೆ ಕೊಡಲಾರರು.

ಉಳಿಯುವುದಾದರೆ ಒಪ್ಪಂದದ ಅವಧಿ ಎಷ್ಟು ಅಂತ ಮೊದಲು ನೋಡಲಿ. ಅಮೆರಿಕದ ರೈಲ್ವೇ ಲೇಬರ್ ಆಕ್ಟ್ ಏರ್‌ಲೈನ್‌ಗಳಿಗೂ ಅನ್ವಯಿಸುತ್ತದೆ. ಅದರಲ್ಲಿ ಕಾಂಟ್ರಾಕ್ಟ್ ಅವಧಿ ಮುಗಿದರೂ ಸಾಯುವುದಿಲ್ಲ, ಹೊಸದು ಬರುವವರೆಗೆ ಹಳೆಯದೇ ನಡೆಯುತ್ತದೆ. ಯುನೈಟೆಡ್ ಪೈಲಟ್‌ಗಳ ದಿವಾಳಿ ಕಾಲದ ಕಾಂಟ್ರಾಕ್ಟ್ 2009ರ ಕೊನೆಗೆ ತಿದ್ದುಪಡಿಗೆ ಬರಬೇಕಿತ್ತು. ಹೊಸ ಕಾಂಟ್ರಾಕ್ಟ್ ಪಾಸಾದದ್ದು 2012ರ ಡಿಸೆಂಬರಿನಲ್ಲಿ. ಹಾಗಾಗಿ "ಐದು ವರ್ಷಕ್ಕೆ ಮಾತ್ರ" ಅಂತ ಬರೆದಿದ್ದರೆ ಏಳೆಂಟು ಅಂತ ಓದಿಕೊಳ್ಳಲಿ. ಕಡಿತ ಇಂಥ ದಿನಾಂಕಕ್ಕೆ ತಾನಾಗಿ ಹಳೆ ದರಕ್ಕೆ ವಾಪಸ್ ಹೋಗಬೇಕು ಎಂಬ ಷರತ್ತು ಇದೆಯಾ ಅಂತ ಯೂನಿಯನ್ ಪ್ರತಿನಿಧಿಯನ್ನು ಕೇಳಲಿ. ಸಾರಾಂಶದ ಹಾಳೆ ಸಾಲದು, ಪೂರ್ತಿ ಪಠ್ಯವನ್ನೇ ತರಿಸಿಕೊಂಡು ಓದಲಿ.