ತಾಮ್ರ ಹುಡುಕಿ ಉತ್ತರಕ್ಕೆ

ಪ್ರ: ಸ್ಯಾಮ್ಯುಯೆಲ್ ಹರ್ನ್ ಕೆನಡಾದ ಉತ್ತರದಲ್ಲಿ ತಾಮ್ರದ ಗಣಿ ಹುಡುಕಲು ಹೊರಟು ಎರಡು ಸಲ ಬರಿಗೈಲಿ ವಾಪಸಾದರಂತೆ. ಮೂರನೇ ಸಲ ಗುರಿ ಮುಟ್ಟಿದ್ದು ಹೇಗೆ? ಗಣಿ ಸಿಕ್ಕಿತೆ?

ಉ: ತುಪ್ಪಳ ವ್ಯಾಪಾರದ ಹಡ್ಸನ್ ಬೇ ಕಂಪನಿಯ ಹರ್ನ್ 1769ರ ನವೆಂಬರ್‌ನಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿದ್ದ ಕಂಪನಿಯ ಪ್ರಿನ್ಸ್ ಆಫ್ ವೇಲ್ಸ್ ಕೋಟೆ ಬಿಟ್ಟರು. ದಾರಿ ತೋರಿಸಬೇಕಾದವರೇ ನಡುದಾರಿಯಲ್ಲಿ ಕೈಬಿಟ್ಟಿದ್ದರಿಂದ ಡಿಸೆಂಬರ್‌ಗೇ ಮರಳಿದರು. ಎರಡನೇ ಸಲ, 1770ರ ಆಗಸ್ಟ್‌ನಲ್ಲಿ, ಗಾಳಿ ಹೊಡೆತಕ್ಕೆ ಕ್ವಾಡ್ರಂಟ್ ಬಿದ್ದು ಒಡೆಯಿತು. ಅಕ್ಷಾಂಶ ಅಳೆಯುವ ಸಾಧನವಿಲ್ಲದೆ ಮುಂದೆ ಹೋಗಿ ಫಲವಿರಲಿಲ್ಲ.

1770ರ ಡಿಸೆಂಬರ್‌ನಲ್ಲಿ ಹೊರಟ ಮೂರನೇ ಯಾತ್ರೆ ಗೆದ್ದದ್ದು ಅಲ್ಲಿನ ಮೂಲನಿವಾಸಿಗಳಾದ ಚಿಪೆವಯಾನ್ ಜನರ ಮುಖಂಡ ಮಟೊನಬಿಯ ಲೆಕ್ಕಾಚಾರದಿಂದ. ಹೆಂಗಸರಿಲ್ಲದೆ ಹೋದದ್ದೇ ಹಿಂದಿನ ಸೋಲಿಗೆ ದೊಡ್ಡ ಕಾರಣ ಎಂದು ಆತ ಹೇಳಿದ. ಗಂಡಸರು ಬೇಟೆಯ ಹಿಂದೆ ಹೋದರೆ ಹೊರೆ ಎಳೆಯುವವರು, ಡೇರೆ ಹಾಕುವವರು, ಚರ್ಮ ಹದಮಾಡಿ ಹೊಲಿಯುವವರು ಹೆಂಗಸರೇ. ಒಬ್ಬರ ಚಳಿಗಾಲದ ಉಡುಪಿಗೆ 8ರಿಂದ 10 ಕ್ಯಾರಿಬೂ (ಹಿಮಸಾರಂಗ) ಚರ್ಮ ಬೇಕು. ಅದೂ ಆಗಸ್ಟ್ ಇಲ್ಲವೇ ಸೆಪ್ಟೆಂಬರ್ ಮೊದಲಲ್ಲಿ ಹೊಡೆದದ್ದಾಗಬೇಕು. ತಡವಾದರೆ ಕೂದಲು ಉದ್ದವಾಗುತ್ತದೆ, ಚರ್ಮದಡಿ ನೊಣದ ಮರಿಹುಳು ಬೆಳೆದು ತೂತುಬೀಳುತ್ತದೆ.

ಇನ್ನೊಂದು ಜಾಣ್ಮೆ ಬರ್ಚ್ ಮರದ್ದು. ಮರಗಳ ಸೀಮೆ ದಾಟಿದರೆ ಗಳು ಸಿಗದು. ಹಾಗಾಗಿ ಒಂದೂಕಾಲು ಅಂಗುಲ ದಪ್ಪದ, 7–8 ಅಡಿಯ ಕೋಲುಗಳನ್ನು ಮೊದಲೇ ಕಡಿದಿಟ್ಟುಕೊಂಡರು. ಬೇಸಿಗೆಯಲ್ಲಿ ಅವು ಡೇರೆಯ ಗಳು, ಚಳಿ ಹತ್ತಿರವಾದಂತೆ ಬಾಗಿಸಿದರೆ ಹಿಮಪಾದುಕೆಯ ಚೌಕಟ್ಟು. ತೊಗಟೆಯಿಂದ ಕಟ್ಟಿದ 12–13 ಅಡಿಯ ಹಗುರ ದೋಣಿ ನದಿ ದಾಟುವುದಕ್ಕೆ ಮಾತ್ರ, ಉಳಿದ ದಾರಿಯೆಲ್ಲ ಹೊತ್ತು ನಡೆಯುವುದೇ.

1771ರ ಜುಲೈಯಲ್ಲಿ ಕಾಪರ್‌ಮೈನ್ ನದಿ ತಲುಪಿದರು. 17ರಂದು, ಮಲಗಿದ್ದ ಇನುಯಿಟ್ (ಆರ್ಕ್ಟಿಕ್ ತೀರದ ಮೂಲನಿವಾಸಿ) ಜನರನ್ನು ಮಟೊನಬಿಯ ಸಂಗಡಿಗರು ಕೊಂದರು, ಹರ್ನ್‌ಗೆ ತಡೆಯಲಾಗಲಿಲ್ಲ. ಈ ಯಾತ್ರೆಯ ಯಾವ ವಿವರಣೆಯೂ ಇದನ್ನು ಬಿಟ್ಟು ಮುಗಿಯಬಾರದು. ಆಮೇಲೆ ತಾಮ್ರದ ಜಾಗದಲ್ಲಿ ಸುಮಾರು ನಾಲ್ಕು ಗಂಟೆ ತಡಕಿದರೂ ಹೆಸರಿಗೆ ತಕ್ಕ ಗಟ್ಟಿ ಒಂದೇ ಸಿಕ್ಕಿತು, ತೂಕ ನಾಲ್ಕು ಪೌಂಡ್. ಅಲ್ಲಿಯದು ಪುರಾತನ ಲಾವಾ ಶಿಲೆಯಿಂದ ಬಿಡಿಯಾಗಿ ಉದುರಿದ ಶುದ್ಧ ತಾಮ್ರ. ಕರಗಿಸದೆ ಬಡಿದೇ ಚಾಕು, ಬಾಣದ ಮೊನೆ ಮಾಡಿಕೊಳ್ಳುವವರಿಗೆ ಅಷ್ಟು ಸಾಕು. ಹಡಗು ತುಂಬಿಸಬೇಕೆಂದಿದ್ದ ಕಂಪನಿಗೆ ಸಾಲದು.

ಪ್ರ: ಹರ್ನ್ ಕೊಟ್ಟ ಅಕ್ಷಾಂಶ ಅಷ್ಟೊಂದು ತಪ್ಪಿದ್ದೇಕೆ?

ಉ: ನದಿ ಸಮುದ್ರ ಸೇರುವ ಜಾಗವನ್ನು ಅವರು 71 ಡಿಗ್ರಿ 54 ಮಿನಿಟ್ ಎಂದು ಬರೆದರು. ನಿಜಕ್ಕೂ ಅದಿರುವುದು 68 ಡಿಗ್ರಿಗೂ ಸ್ವಲ್ಪ ಕೆಳಗೆ. ಅಂದರೆ ಸುಮಾರು 450 ಕಿ.ಮೀ. ವ್ಯತ್ಯಾಸ. ಒಡೆದ ಉಪಕರಣದ ಬದಲು ಒಯ್ದದ್ದು ಕೋಟೆಯಲ್ಲಿ ಬಹುಕಾಲ ಬಿದ್ದಿದ್ದ ಹಳೇ ಎಲ್ಟನ್ ಕ್ವಾಡ್ರಂಟ್. ಸಮುದ್ರದಂಚಿನಲ್ಲಿ ಮಂಜು, ಜಿಟಿಜಿಟಿ ಮಳೆ. ಸೂರ್ಯನನ್ನು ಅಳೆಯಲು ಕಾಯದೆ, ನಡೆದ ದಿಕ್ಕು–ದೂರದ ಅಂದಾಜಿನಿಂದ ಲೆಕ್ಕ ಹಾಕಿದರು. ಅವರ ನಕ್ಷೆಯನ್ನು ಇಂದಿನದರ ಮೇಲಿಟ್ಟು ನೋಡುವವರು ಅಕ್ಷಾಂಶ ಬಿಟ್ಟು ನದಿ, ಸರೋವರಗಳ ಅನುಕ್ರಮ ಹಿಡಿದರೆ ದಾರಿ ಚೆನ್ನಾಗಿ ಕೂಡಿಬರುತ್ತದೆ.